ಆಷಾಢದ ಮಂಗಳವಾರ, ಬಿಡದಿ ದಾರಿ

"ಆಷಾಢ, ಅದೂ ಮಂಗಳವಾರ. ಮಕ್ಕಳನ್ನ ಕಟ್ಕೊಂಡು ಯಾರಾದ್ರೂ ಹೊರಡ್ತಾರೇನಮ್ಮ?" ಅಂದರು ನಮ್ಮ ಅತ್ತೆ.

"ಯಾರೂ ಹೊರಡಲ್ಲ ಅತ್ತೆ, ಅದಕ್ಕೇ ನಾವು ಹೊರಟಿರೋದು" ಅಂದೆ.

ಇದು ಕಳೆದ ವರ್ಷ, 2025ರ ಜುಲೈನ ಮಾತು. ಮೈಸೂರು ರಸ್ತೆಯ ಬಿಡದಿ ಹತ್ತಿರ ಇರುವ ವಂಡರ್‌ಲಾ ಅನ್ನೋ ರೈಡ್‌ಗಳ ಪಾರ್ಕಿಗೆ ಮಕ್ಕಳ ಜೊತೆ ಹೋಗಿ ಬಂದು ಗೆಳತಿಯರ ಗ್ರೂಪಿನಲ್ಲಿ ಫೋಟೊ ಹಾಕಿದ್ದೆ. "ಜನಾನೇ ಇಲ್ವಲ್ಲೇ, ಬಾಗಿಲು ಹಾಕಿದ ಮೇಲೆ ಕಾಂಪೌಂಡ್ ಹಾರಿದ್ರಾ?" ಅಂತ ಒಬ್ಬಳು ಕೇಳಿದಳು. ಈಗ ಬೇಸಿಗೆ ರಜೆ ಹತ್ತಿರ ಬರುತ್ತಿದ್ದಂತೆ ದಿನಾ ಯಾರಾದರೂ ಒಬ್ಬರು ಫೋನ್ ಮಾಡಿ, ಪುಟ್ಟ ಮಕ್ಕಳನ್ನ ಕರ್ಕೊಂಡು ಇಂಥ ಪಾರ್ಕಿಗೆ ಯಾವಾಗ ಹೋದರೆ ಜನ ಇರಲ್ಲ ಅಂತ ಕೇಳುತ್ತಾರೆ. ಒಂದೇ ಸಲ ಬರೆದು ಹಾಕಿಬಿಡೋಣ ಅನ್ನಿಸಿತು. ಉದ್ದ ಆಗುತ್ತೆ, ಕಾಫಿ ಇಟ್ಕೊಳ್ಳಿ.

ಮೊದಲು ನಮ್ಮ ದಡ್ಡತನದ ಕಥೆ. ಅದಕ್ಕೂ ಹಿಂದಿನ ವರ್ಷ ಮೇ ತಿಂಗಳಲ್ಲಿ ಒಂದು ಪಾರ್ಕಿಗೆ ಹೋಗಿದ್ದೆವು. ಯಾವುದು ಅಂತ ಹೇಳುವುದಿಲ್ಲ. ತಪ್ಪು ಅವರದ್ದಲ್ಲ, ಮೇ ತಿಂಗಳ ಶನಿವಾರವೇ ಆಗಬೇಕು ಅಂತ ಹಟ ಹಿಡಿದ ನಮ್ಮದು. ಟಿಕೆಟ್‌ಗೆ ಒಂದು ಕ್ಯೂ, ಬ್ಯಾಗ್ ನೋಡುವುದಕ್ಕೆ ಒಂದು ಕ್ಯೂ, ಲಾಕರ್‌ಗೆ ಇನ್ನೊಂದು. ಮೊದಲ ರೈಡಿನ ಹತ್ತಿರ ಹೋಗುವಷ್ಟರಲ್ಲಿ ಮಗ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದ. ಮಗಳು ಬಿಸಿಲಲ್ಲಿ ಐವತ್ತು ನಿಮಿಷ ನಿಂತಳು. ಅಳತೆ ಪಟ್ಟಿಯ ಮುಂದೆ ಬಂದಾಗ ಗೊತ್ತಾಯಿತು, ಐದು ಸೆಂಟಿಮೀಟರ್ ಕಮ್ಮಿ! ಕ್ಯೂ ಶುರುವಾಗುವ ಕಡೆಯೇ ಬೋರ್ಡ್ ಇತ್ತು. ನಾವೇ ಓದಿರಲಿಲ್ಲ.

ಅತ್ತು ಕರೆದು ಆದ ಮೇಲೆ ಕುದುರೆಗಳು ಸುತ್ತುವ ರೈಡ್ ಸಿಕ್ಕಿತು. ಎರಡು ನಿಮಿಷ ಸುತ್ತಿ ನಿಂತಿತು. ಇಳಿಯುತ್ತಲೇ ಮಗಳು "ಇನ್ನೊಂದ್ಸಲ" ಅಂದಳು. ಇನ್ನೊಂದ್ಸಲ ಅಂದರೆ ಮತ್ತೆ ನಲವತ್ತು ನಿಮಿಷದ ಕ್ಯೂ. "ಸಾಕು ಬಾ ಪುಟ್ಟಿ, ಇನ್ನೂ ತುಂಬಾ ಇದೆ" ಅಂತ ನಮ್ಮ ಮನೆಯವರು ಕೈ ಹಿಡಿದು ಎಳೆದುಕೊಂಡು ಹೋದರು. ತುಂಬಾ ಇದೆ ಅನ್ನೋದು ನಮ್ಮ ಲೆಕ್ಕ. ಅವಳಿಗೆ ಬೇಕಾಗಿದ್ದಿದ್ದು ಒಂದೇ ಒಂದು ಕುದುರೆ.

ಅಲ್ಲಿಂದ ಬರುವಾಗ ಕಾರಿನಲ್ಲಿ ನನಗೆ ಹೊಳೆದದ್ದು ಇಷ್ಟೇ. ದೊಡ್ಡವರು ಇಂಥ ಕಡೆ ಹೋದರೆ ಎಲ್ಲವನ್ನೂ ಒಂದೊಂದು ಸಲ ನೋಡಬೇಕು ಅಂತಾರೆ. ಮೂರು ವರ್ಷದ, ಆರು ವರ್ಷದ ಮಕ್ಕಳಿಗೆ ಒಂದನ್ನೇ ಹತ್ತು ಸಲ ಮಾಡಬೇಕು. ಮನೆಯಲ್ಲಿ ಒಂದೇ ಕಥೆ ದಿನಾ ರಾತ್ರಿ ಕೇಳಲ್ವಾ, ಹಾಗೆ. ಜನ ತುಂಬಿದ ದಿನ ಇದು ಆಗದ ಮಾತು. ಹಾಗಾಗಿ ಸೀಸನ್ ಅಲ್ಲದಾಗ ಹೋಗಬೇಕು ಅಂತ ನಾನು ಹೇಳುವುದು ಟಿಕೆಟ್ ದುಡ್ಡು ಉಳಿಯುತ್ತೆ ಅಂತ ಅಲ್ಲ. ವಾರದ ದಿನ ಸ್ವಲ್ಪ ಕಮ್ಮಿ ಇರುತ್ತೆ, ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿದರೆ ಇನ್ನೂ ಸ್ವಲ್ಪ ಕಮ್ಮಿ, ನಿಜ. ಆದರೆ ಅವತ್ತು ನಿಜವಾಗಿ ಸಿಗುವುದು "ಇನ್ನೊಂದ್ಸಲ".

ಸರಿ, ಯಾವಾಗ ಹೋಗಬೇಕು? ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಡ ಅನ್ನೋದು ಎಲ್ಲರಿಗೂ ಗೊತ್ತು. ದಸರಾ ರಜೆ, ಕ್ರಿಸ್‌ಮಸ್ ವಾರ ಬೇಡ ಅನ್ನೋದೂ ಗೊತ್ತು. ಹಾಗಾದರೆ ಡಿಸೆಂಬರ್ ಮೊದಲ ವಾರದ ಬುಧವಾರ ಖಾಲಿ ಇರುತ್ತೆ ಅಂದುಕೊಂಡು ಹೋಗುತ್ತಾರೆ. ಗೇಟಿನ ಮುಂದೆ ನೋಡಿದರೆ ಸಾಲಾಗಿ ಹಳದಿ ಬಸ್ಸುಗಳು, ಟೂರಿಸ್ಟ್ ಬಸ್ಸುಗಳು. ನವೆಂಬರ್‌ನಿಂದ ಜನವರಿವರೆಗೆ ನಮ್ಮ ರಾಜ್ಯದ ಶಾಲೆಗಳು ಪ್ರವಾಸ ಹೊರಡುವ ಕಾಲ. ಅವರು ಹೊರಡುವುದೂ ವಾರದ ದಿನವೇ. ಒಂದೇ ಬಣ್ಣದ ಟೋಪಿ ಹಾಕಿದ ನೂರಾರು ಮಕ್ಕಳ ನಡುವೆ ನಿಮ್ಮ ಮೂರು ವರ್ಷದ ಕೂಸನ್ನು ಬಿಟ್ಟು ನೋಡಿ, ಆಮೇಲೆ ಹೇಳಿ.

ನನ್ನ ಪ್ರಕಾರ ಜೂನ್ ಮಧ್ಯದಿಂದ ಆಗಸ್ಟ್ ಮೊದಲವರೆಗಿನ ವಾರದ ದಿನಗಳೇ ಒಳ್ಳೆಯವು. ಶಾಲೆ ಶುರುವಾಗಿರುತ್ತೆ. ಎಲ್ಲರೂ ಫೀಸು, ಪುಸ್ತಕ, ಯೂನಿಫಾರ್ಮ್ ಅಂತ ಕೈ ಖಾಲಿ ಮಾಡಿಕೊಂಡು ಕೂತಿರುತ್ತಾರೆ. ಮೇಲೆ ಆಷಾಢ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನೆಂಟರ ಮನೆಗೆ ಬಂದವರು "ಬನ್ನಿ ವಂಡರ್‌ಲಾಗೆ" ಅಂತ ಗುಂಪು ಕಟ್ಟುವುದೂ ಇಲ್ಲ. ಸೆಪ್ಟೆಂಬರ್‌ನ ಪಿತೃಪಕ್ಷವೂ ಹೀಗೇ ಅನ್ನುತ್ತಾರೆ, ನಾನು ಹೋಗಿ ನೋಡಿಲ್ಲ.

ಒಂದು ಎಚ್ಚರಿಕೆ. ಆಷಾಢದ ಶುಕ್ರವಾರ ಮಾತ್ರ ಮೈಸೂರು ರಸ್ತೆಗೆ ಇಳಿಯಬೇಡಿ. ಅರ್ಧ ಬೆಂಗಳೂರು ಚಾಮುಂಡಿ ಬೆಟ್ಟಕ್ಕೆ ಹೊರಟಿರುತ್ತೆ. ತಾಯಿ ದರ್ಶನಕ್ಕೆ ಹೋಗುವವರ ಜೊತೆ ಜೈಂಟ್ ವೀಲ್‌ಗೆ ಹೋಗುವ ನಾವು ಯಾಕೆ ಜಗಳಕ್ಕೆ ಬೀಳಬೇಕು.

"ಮಳೆಗಾಲ ಅಲ್ವಾ?" ಅಂತ ಕೇಳುತ್ತೀರಿ. ಬೆಂಗಳೂರಿನ ಜುಲೈ ಮಳೆ ಹೇಗಿರುತ್ತೆ ಅಂತ ಇಲ್ಲಿದ್ದವರಿಗೆ ಗೊತ್ತು. ಪಶ್ಚಿಮ ಘಟ್ಟದಲ್ಲಿ ಮಳೆ ಸುರಿದು ಮುಗಿಸಿದ ಮೋಡಗಳು ನಮ್ಮ ಕಡೆ ಬರುವಾಗ ಜಿಟಿಜಿಟಿ ಅಂತ ಒಂದಿಷ್ಟು ಉದುರಿಸಿ ಹೋಗುತ್ತವೆ. ಒಂದೇ ಸಮನೆ ಹೊಡೆಯುವ ಮಳೆ ನಮಗೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮೇ ತಿಂಗಳ ಸಂಜೆ ಬರುವುದು ಗುಡುಗು ಸಿಡಿಲಿನ ಮಳೆ. ಮಿಂಚು ಬಂದರೆ ಎತ್ತರದ ರೈಡ್‌ಗಳನ್ನು ನಿಲ್ಲಿಸಲೇಬೇಕು. ಜಿಟಿಜಿಟಿ ಮಳೆಗೆ ಮಕ್ಕಳ ಪುಟ್ಟ ರೈಲು ನಿಲ್ಲುವುದಿಲ್ಲ. ಹೇಗೂ ನೀರಾಟಕ್ಕೆ ಹೋಗಿರುವವರು, ಮೇಲಿಂದ ನಾಲ್ಕು ಹನಿ ಬಿದ್ದರೆ ಏನಂತೆ?

ಚಳಿ ಮಾತ್ರ ಸುಳ್ಳಲ್ಲ. ಮಧ್ಯಾಹ್ನವೂ 28 ಡಿಗ್ರಿ ಆಸುಪಾಸು ಅಷ್ಟೇ, ಮೋಡ ಇದ್ದರೆ ಇನ್ನೂ ಕಮ್ಮಿ. ಚಿಕ್ಕವರ ತುಟಿ ಇಪ್ಪತ್ತೇ ನಿಮಿಷಕ್ಕೆ ನೀಲಿಯಾಗುತ್ತೆ. ಅವರು "ಚಳಿ ಇಲ್ಲಮ್ಮ" ಅಂತ ನಡುಗುತ್ತಲೇ ಹೇಳುತ್ತಾರೆ, ನಂಬಬೇಡಿ. ನೀರಿನ ಭಾಗ ಮಧ್ಯಾಹ್ನದ ಹೊತ್ತಿಗೆ ತೆರೆಯುತ್ತದೆ. ತೆರೆದ ಕೂಡಲೇ ಅದನ್ನು ಮುಗಿಸಿ, ಒಣ ಬಟ್ಟೆ ಹಾಕಿ, ಉಳಿದದ್ದು ಆಮೇಲೆ. ಸಂಜೆ ನೀರಿಗಿಳಿಸಿದರೆ ಮಾರನೇ ದಿನ ಡಾಕ್ಟರ ಮನೆ. ಒಬ್ಬೊಬ್ಬರಿಗೆ ಎರಡೆರಡು ಟವೆಲ್ ಇರಲಿ. ಹತ್ತಿ ಬಟ್ಟೆಯಲ್ಲಿ ನೀರಿಗೆ ಬಿಡುವುದಿಲ್ಲ, ನೈಲಾನ್ ಥರದ್ದು ಬೇಕು. ಮನೆಯಿಂದಲೇ ತಂದರೆ ಅಲ್ಲಿ ಕೊಳ್ಳುವ ದುಡ್ಡು ಉಳಿಯುತ್ತೆ.

ಇನ್ನು ಎತ್ತರ. ದಯವಿಟ್ಟು ಇದೊಂದನ್ನು ಮಾಡಿ. ಹೊರಡುವ ಹಿಂದಿನ ದಿನ ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಅಳೆಯಿರಿ. ಬಿಡದಿಯ ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂ.ಮೀ. ಒಳಗಿದ್ದರೆ ಟಿಕೆಟ್ ಇಲ್ಲ, ಅಲ್ಲಿಂದ 140ರ ತನಕ ಮಕ್ಕಳ ಟಿಕೆಟ್. ಜೋರಾದ ರೈಡ್‌ಗಳಲ್ಲಿ ಹಲವಕ್ಕೆ 140 ಬೇಕೇ ಬೇಕು. ನಮ್ಮ ಮಗಳು ಆಗ 115, ಮಗ 94. ಅಂದರೆ ಅವರಿಬ್ಬರ ಮಟ್ಟಿಗೆ ಆ 82 ಎಕರೆ ಪಾರ್ಕಿನಲ್ಲಿ ಇರುವುದು ಒಂದು ಮೂಲೆ ಅಷ್ಟೇ. ಇದನ್ನು ಮನೆಯಲ್ಲೇ ಹೇಳಿಬಿಟ್ಟೆವು: "ಆ ದೊಡ್ಡದು ನೀನು ಈ ಗೆರೆ ಮುಟ್ಟಿದ ಮೇಲೆ." ಗೋಡೆ ಮೇಲೆ 140ಕ್ಕೂ ಒಂದು ಗೆರೆ ಎಳೆದೆವು. ಅವತ್ತು ಒಂದು ಹನಿ ಕಣ್ಣೀರಿಲ್ಲ. ಗೆರೆ ಈಗಲೂ ಇದೆ, ಮಗಳು ವಾರಕ್ಕೊಮ್ಮೆ ಹೋಗಿ ನಿಂತು ನೋಡುತ್ತಾಳೆ.

ಇದೇ ಕಾರಣಕ್ಕೆ, ಕ್ಯೂ ತಪ್ಪಿಸುವ ದುಬಾರಿ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಆ ದಿನಗಳಲ್ಲಿ ಪುಟ್ಟ ಮಕ್ಕಳಿರುವವರಿಗೆ ವ್ಯರ್ಥ ಅಂತ ನನ್ನ ಅಭಿಪ್ರಾಯ. ಇಲ್ಲದ ಕ್ಯೂ ತಪ್ಪಿಸುವುದಕ್ಕೆ ಯಾಕೆ ದುಡ್ಡು?

ಶಾಲೆಗೆ ಚಕ್ಕರ್ ಹಾಕಿಸಬಹುದಾ ಅನ್ನೋದು ದೊಡ್ಡ ಪ್ರಶ್ನೆ. ಒಂದನೇ ಕ್ಲಾಸಿನ ಮಗು ಜುಲೈನಲ್ಲಿ ಒಂದು ದಿನ ಹೋಗದಿದ್ದರೆ ಕಳೆದುಕೊಳ್ಳುವುದು ಏನೂ ಇಲ್ಲ ಅಂತ ನಾನು ನಂಬಿದ್ದೇನೆ. ಪ್ರೀ ಕೆಜಿ ಅಂತೂ ಕೇಳಲೇಬೇಡಿ. ಐದನೇ ಕ್ಲಾಸಿಗೆ ಬಂದ ಮೇಲೆ ಈ ಮಾತು ಹೇಳುವುದಿಲ್ಲ. ಆದರೆ ರಜಾ ಚೀಟಿಯಲ್ಲಿ ಸುಳ್ಳು ಬರೆಯಬೇಡಿ. ನಾನು "ಸ್ವಲ್ಪ ಜ್ವರ" ಅಂತ ಬರೆದಿದ್ದೆ. ಬುಧವಾರ ಮಗಳು ಕ್ಲಾಸಿಗೆಲ್ಲ ಕುದುರೆ ಕಥೆ ಹೇಳಿದ್ದಾಳೆ, ಆಕ್ಷನ್ ಸಮೇತ. ಸಂಜೆ ಗೇಟಿನಲ್ಲಿ ಮಿಸ್ ನಕ್ಕು "ಜ್ವರ ಚೆನ್ನಾಗಿತ್ತಂತೆ" ಅಂದರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಆ ಮಂಗಳವಾರಕ್ಕೆ ಬರೋಣ. ಅತ್ತೆ ಕೊನೆಗೂ ಒಪ್ಪಿದರು, ಒಂದು ಷರತ್ತಿನ ಮೇಲೆ. "ಒಂಬತ್ತಕ್ಕೆ ಯಮಗಂಡ ಕಾಲ ಶುರು. ಅಷ್ಟರೊಳಗೆ ಹೊಸಿಲು ದಾಟಬೇಕು." ಮದುವೆಯಾಗಿ ಎಂಟು ವರ್ಷದಲ್ಲಿ ನಮ್ಮ ಮನೆ ಹೇಳಿದ ಟೈಮಿಗೆ ಹೊರಟಿದ್ದು ಅದೊಂದೇ ಸಲ. ಎಂಟೂ ಮುಕ್ಕಾಲಿಗೆ ಕಾರಿನಲ್ಲಿದ್ದೆವು. ಅತ್ತೆಯನ್ನೂ ಕೂರಿಸಿಕೊಂಡೆವು. ಎಕ್ಸ್‌ಪ್ರೆಸ್‌ವೇ ಮೇಲೇ ಸಾಗಿಬಿಟ್ಟರೆ ಬಿಡದಿ ಹಿಂದೆ ಬೀಳುತ್ತೆ, ಮುಂಚೆಯೇ ಸರ್ವಿಸ್ ರಸ್ತೆಗೆ ಇಳಿಯಬೇಕು. ಬಿಡದಿಯಲ್ಲಿ ತಟ್ಟೆ ಇಡ್ಲಿ, ಬೆಣ್ಣೆ. ಪಾರ್ಕಿನ ಒಳಗೆ ಹೊರಗಿನ ತಿಂಡಿ ಬಿಡುವುದಿಲ್ಲವಾದ್ದರಿಂದ ಮೊಸರನ್ನದ ಡಬ್ಬಿ ಕಾರಿನಲ್ಲೇ ಉಳಿಯಿತು, ಸಂಜೆ ಉಪಯೋಗಕ್ಕೆ ಬಂತು.

ಹನ್ನೊಂದಕ್ಕೆ ಒಳಗೆ. ಮಕ್ಕಳ ರೈಡ್‌ಗಳ ಹತ್ತಿರ ನಮ್ಮನ್ನು ಬಿಟ್ಟರೆ ಎರಡು ಕುಟುಂಬ. ಕಾಲೇಜು ಹುಡುಗರು ಇದ್ದರು, ಆದರೆ ಅವರೆಲ್ಲ ತಲೆಕೆಳಗಾಗಿಸುವ ರೈಡ್‌ಗಳ ಕಡೆ. ಮಗಳು ನೀಲಿ ಜೀನು ಹಾಕಿದ ಕುದುರೆ ಹತ್ತಿದಳು. ನಿಂತಿತು. "ಇನ್ನೊಂದ್ಸಲ." ಹತ್ತು. ನಿಂತಿತು. "ಇನ್ನೊಂದ್ಸಲ." ನಾಲ್ಕನೇ ಸಲಕ್ಕೆ ರೈಡ್ ನಡೆಸುವ ಹುಡುಗ "ಇಳಿಯೋದೇನು ಬೇಡ ಪಾಪು, ಕೂತಿರು" ಅಂದ. ಒಟ್ಟು ಏಳು ಸುತ್ತು. ಕುದುರೆಗೆ ಹೆಸರೂ ಇಟ್ಟಾಯಿತು, ಚೆಲುವಿ. ಮಗ ಕುದುರೆ ಕಡೆ ತಿರುಗಿಯೂ ನೋಡಲಿಲ್ಲ. ಅವನಿಗೆ ಇಷ್ಟವಾಗಿದ್ದು ಕೈ ತೊಳೆಯುವ ನಲ್ಲಿ! ತಿರುಗಿಸುವುದು, ನಿಲ್ಲಿಸುವುದು, ತಿರುಗಿಸುವುದು. ಮೇ ತಿಂಗಳಾಗಿದ್ದರೆ "ಇಷ್ಟು ದುಡ್ಡು ಕೊಟ್ಟು ನಲ್ಲಿ ನೋಡೋಕೆ ಬಂದ್ವಾ" ಅಂತ ನಾನೇ ಕಿರುಚಿರುತ್ತಿದ್ದೆ. ಅವತ್ತು ಹತ್ತು ನಿಮಿಷ ಬಿಟ್ಟೆ.

ಎರಡು ಗಂಟೆಗೆ ಅವನಿಗೆ ನಿದ್ದೆ. ಮರದ ಕೆಳಗಿನ ಬೆಂಚಿನಲ್ಲಿ ಅತ್ತೆಯ ತೊಡೆ ಮೇಲೆ ಒಂದೂವರೆ ಗಂಟೆ ಮಲಗಿದ. ಆ ಹೊತ್ತಿನಲ್ಲಿ ನಾನೂ ನಮ್ಮವರೂ ಸರದಿ ಮೇಲೆ ಒಂದೊಂದು ದೊಡ್ಡ ರೈಡ್‌ಗೆ ಹೋಗಿ ಬಂದೆವು. ನಾನು ಬೈಗುಳ, ದೇವರ ಹೆಸರು ಎರಡನ್ನೂ ಒಂದೇ ಉಸಿರಿನಲ್ಲಿ ಕೂಗಿದೆನಂತೆ.

ಕಾಲ ತಪ್ಪಿಸಿ ಹೋದರೆ ನಷ್ಟ ಇಲ್ಲವೇ ಇಲ್ಲ ಅಂತಲ್ಲ. ಜನ ಕಮ್ಮಿ ಇರುವಾಗಲೇ ರೈಡ್‌ಗಳ ರಿಪೇರಿ ಇಟ್ಟುಕೊಳ್ಳುವುದು ಎಲ್ಲ ಪಾರ್ಕ್‌ಗಳ ರೂಢಿ. ಯಾವುದು ನಿಂತಿದೆ ಅಂತ ಮೊದಲೇ ವಿಚಾರಿಸಿಕೊಳ್ಳಿ, ಟಿಕೆಟ್ ನಿಯಮವನ್ನೂ ಆಗಲೇ ಇನ್ನೊಮ್ಮೆ ನೋಡಿಬಿಡಿ. ತಿಂಡಿ ಅಂಗಡಿಗಳೂ ಎಲ್ಲ ತೆರೆದಿರುವುದಿಲ್ಲ. ಜನರ ಗಲಾಟೆ ಇಲ್ಲದೆ ಕೆಲವರಿಗೆ ಬಿಕೋ ಅನ್ನಿಸಬಹುದು. ನಮ್ಮವರಿಗೆ ಅನ್ನಿಸಿತು.

ಈ ಲೆಕ್ಕ ನಮ್ಮಲ್ಲಿ ಮಾತ್ರ ಅಲ್ಲ. ನಮ್ಮ ದೊಡ್ಡಪ್ಪನ ಮಗ ಫ್ಲೋರಿಡಾದ ಟ್ಯಾಂಪಾದಲ್ಲಿದ್ದಾನೆ. ಅಲ್ಲಿ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಮುಗಿದರೆ ಒರ್ಲ್ಯಾಂಡೊದ ಡಿಸ್ನಿ ವರ್ಲ್ಡ್‌ನಲ್ಲಿ ಜನ ಕಮ್ಮಿಯಾಗುತ್ತಾರಂತೆ. ಬಿಸಿಲು ಜೋರು, ಚಂಡಮಾರುತದ ಕಾಲ ಬೇರೆ, ಆದರೂ ಅವನು ಹೋಗುವುದು ಆಗಲೇ. ಮೂರು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ ಇಲ್ಲ. ಇನ್ನೊಂದು ಅನುಕೂಲ ಕೇಳಿ ಹೊಟ್ಟೆ ಉರಿಯಿತು. ಚಿಕ್ಕ ಮಗುವನ್ನು ಹಿಡಿದು ಅಪ್ಪ ಹೊರಗೆ ನಿಂತರೆ, ಅಮ್ಮ ರೈಡ್ ಮುಗಿಸಿ ಬಂದ ಮೇಲೆ ಅಪ್ಪ ಪೂರ್ತಿ ಕ್ಯೂ ಮತ್ತೆ ನಿಲ್ಲಬೇಕಾಗಿಲ್ಲ. ನಮ್ಮಲ್ಲಿ ಆ ಕೆಲಸ ಮಾಡಿದ್ದು ಅತ್ತೆಯ ತೊಡೆ.

ಅವತ್ತು ರಾತ್ರಿ ಮನೆಗೆ ಬರದೆ ರಾಮನಗರದಲ್ಲೇ ಉಳಿದು, ಬೆಳಿಗ್ಗೆ ಜಾನಪದ ಲೋಕ, ಚನ್ನಪಟ್ಟಣದ ಗೊಂಬೆ ನೋಡಿಕೊಂಡು ಬರೋಣ ಅಂತ ನಾನು ಹೇಳಿದ್ದೆ. ಮಿಸ್ ಹೆದರಿಕೆಗೆ ಒಂದೇ ದಿನಕ್ಕೆ ಮುಗಿಸಿದೆವು. ಈ ಸಲ ಎರಡು ದಿನ. ರಜಾ ಚೀಟಿಯಲ್ಲಿ ನಿಜ ಬರೆಯುತ್ತೇನೆ.

ಮೊನ್ನೆ ಯುಗಾದಿಗೆ ಹೊಸ ಪಂಚಾಂಗ ಬಂತು. ಅತ್ತೆ ಕನ್ನಡಕ ಹಾಕಿಕೊಂಡು ಪುಟ ತಿರುವುತ್ತಾ ಕೂತಿದ್ದರು. ಯಾವ ಹಬ್ಬ ಯಾವಾಗ ಅಂತ ನೋಡುತ್ತಿದ್ದಾರೆ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಗೆ ಬಂದು ಹೇಳಿದರು, "ಈ ವರ್ಷ ಅಧಿಕ ಜ್ಯೇಷ್ಠ ಬಂದಿದೆ ಕಣಮ್ಮ. ಆಷಾಢ ಜುಲೈ ಮಧ್ಯಕ್ಕೆ ಶುರು. ಅಷ್ಟರಲ್ಲಿ ಪುಟ್ಟಿಯ ಸ್ವೆಟರ್ ಹೆಣೆದು ಮುಗಿಸ್ತೀನಿ."