ಸಹಿ ನನ್ನದೇ ಆಗಿರಲಿ

ಆಟಿಸಂ ಇರುವ ವಯಸ್ಕರು ಸಂಶೋಧನೆಗೆ ಸಿಗುವುದೇ ಇಲ್ಲ ಎಂದು ದೂರುವವರಿಗೆ ನನ್ನದೊಂದು ಉತ್ತರವಿದೆ: ಕೇಳಬೇಕಾದ ಹಾಗೆ ಕೇಳುವವರು ಅಪರೂಪ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ಊರು ನಮ್ಮ ಮೈಸೂರು. ಮಾನಸಗಂಗೋತ್ರಿಯ ಸುತ್ತಮುತ್ತ ಪ್ರಶ್ನಾವಳಿ ಹಿಡಿದು ಓಡಾಡುವ ವಿದ್ಯಾರ್ಥಿಗಳು ನಮಗೆ ಹೊಸಬರಲ್ಲ. ಆದರೆ ಆಟಿಸಂ ಎಂದೊಡನೆ ಎಲ್ಲರ ಕಣ್ಣು ಹೋಗುವುದು ಪುಟ್ಟ ಮಗುವಿನ ಕಡೆಗೆ, ಅದರ ತಾಯಿಯ ಕಡೆಗೆ. ಆ ಮಗು ಬೆಳೆದು ನನ್ನ ಹಾಗೆ ನಲವತ್ತರ ಹತ್ತಿರ ಬರುತ್ತದೆ, ಕೆಲಸಕ್ಕೆ ಹೋಗುತ್ತದೆ, ಮನೆ ನಡೆಸುತ್ತದೆ ಎಂಬುದು ಯಾರ ಲೆಕ್ಕಕ್ಕೂ ಬಂದಂತಿಲ್ಲ.

ಹೊರಗಿನ ಊರಿನಿಂದ ಬಂದ ಒಂದು ತಂಡ ನನ್ನನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಲು ಅಮ್ಮನಿಗೆ ಫೋನ್ ಮಾಡಿತ್ತು. ಮಗಳನ್ನು ಕರೆದುಕೊಂಡು ಬನ್ನಿ, ಒಪ್ಪಿಗೆ ಪತ್ರಕ್ಕೆ ನೀವು ಸಹಿ ಹಾಕಬೇಕು ಎಂದರಂತೆ. "ಆಸ್ಪತ್ರೆಗೆ, ಬ್ಯಾಂಕಿಗೆ ನನ್ನನ್ನು ಕರೆದುಕೊಂಡು ಹೋಗುವವಳೇ ಅವಳು. ಅವಳನ್ನೇ ಕೇಳಿ" ಎಂದು ಅಮ್ಮ ಫೋನ್ ಇಟ್ಟರು. ಆಮೇಲೆ ನನ್ನನ್ನು ಯಾರೂ ಕೇಳಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 6ನೇ ಕಲಮು ಸ್ಪಷ್ಟವಾಗಿದೆ: ಅಂಗವೈಕಲ್ಯವಿರುವ ಯಾರನ್ನೇ ಸಂಶೋಧನೆಗೆ ಬಳಸಬೇಕಾದರೂ, ಅವರಿಗೆ ಅರ್ಥವಾಗುವ ರೀತಿಯಲ್ಲಿ ತಿಳಿಸಿ, ಅವರದೇ ಮುಕ್ತ ಒಪ್ಪಿಗೆ ಪಡೆಯಬೇಕು. ಆಟಿಸಂ ಆ ಕಾಯ್ದೆಯ ಪಟ್ಟಿಯಲ್ಲಿದೆ. ಇಷ್ಟು ಓದಿಕೊಳ್ಳದೆ ನಮ್ಮ ಮನೆಗೆ ಫೋನ್ ಮಾಡುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಒಪ್ಪಿಕೊಂಡರೂ ಹೋಗುವುದು ಸುಲಭವಲ್ಲ. ಯಾವ ಕೋಣೆ, ಎಷ್ಟು ಜನ ಇರುತ್ತಾರೆ, ಮಿಣುಕುವ ಟ್ಯೂಬ್‌ಲೈಟ್ ಇದೆಯೇ, ಮಧ್ಯೆ ಎದ್ದು ಹೋಗಬಹುದೇ? ಇದು ಮೊದಲೇ ಗೊತ್ತಿಲ್ಲದಿದ್ದರೆ ಹಿಂದಿನ ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ದಸರಾ ದಿನಗಳಲ್ಲಂತೂ ಬಸ್ ಹತ್ತುವುದೇ ಒಂದು ಪರೀಕ್ಷೆ. ಇನ್ನು ಪ್ರಶ್ನೆಗಳು. "ಜನರೊಂದಿಗೆ ಬೆರೆಯುವುದು ನಿಮಗೆ ಇಷ್ಟವೇ?" ಯಾವ ಜನ, ಎಲ್ಲಿ, ಎಷ್ಟು ಹೊತ್ತು? ಹೌದು ಅಥವಾ ಇಲ್ಲ ಎಂದರೆ ಎರಡೂ ಸುಳ್ಳಾಗುತ್ತದೆ.

ಮಂಡ್ಯದ ಕಡೆಯ ನನ್ನ ಗೆಳೆಯನೊಬ್ಬ ಆಲೆಮನೆಯಲ್ಲಿ ಕೆಲಸ ಮಾಡುತ್ತಾನೆ. ಮಾತು ಬಹಳ ಕಡಿಮೆ; ಮೊಬೈಲಿನಲ್ಲಿ ಮಾತ್ರ ಪುಟಗಟ್ಟಲೆ ಬರೆಯುತ್ತಾನೆ. ಮುಖಾಮುಖಿ ಸಂದರ್ಶನವೇ ಬೇಕು ಎಂದರೆ ಅವನ ಅನುಭವ ಯಾವ ಅಧ್ಯಯನಕ್ಕೂ ಸೇರುವುದಿಲ್ಲ. ಮೈಸೂರಿಗೆ ಬಂದರೆ ಅವನಿಗೆ ಒಂದು ದಿನದ ಕೂಲಿ ಹೋಗುತ್ತದೆ. ಪ್ರಯಾಣದ ಖರ್ಚು, ಕಳೆದುಕೊಂಡ ಕೂಲಿ ಕೊಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲೇ ಅವಕಾಶವಿದೆ. ಕೇಳಿದರೆ ಮಾತ್ರ ಎಲ್ಲರೂ ಮುಜುಗರಪಡುತ್ತಾರೆ.

ಭಯವೂ ಇದೆ. ಬ್ರಿಟನ್ನಿನಲ್ಲಿ 2021ರ ಆಗಸ್ಟ್‌ನಲ್ಲಿ ಸ್ಪೆಕ್ಟ್ರಮ್ 10ಕೆ ಎಂಬ ಯೋಜನೆ ಆಟಿಸಂ ಇರುವ 10,000 ಜನರ ಡಿಎನ್‌ಎ ಸಂಗ್ರಹಿಸಲು ಹೊರಟಿತು. ಆ ಮಾಹಿತಿ ಮುಂದೆ ಯಾರ ಕೈಗೆ ಹೋಗುತ್ತದೆ, ನಮ್ಮಂಥವರು ಹುಟ್ಟದಂತೆ ಮಾಡಲು ಬಳಕೆಯಾಗುತ್ತದೆಯೇ ಎಂದು ಆಟಿಸಂ ಇರುವವರೇ ಪ್ರಶ್ನಿಸಿದರು. ಮರು ತಿಂಗಳೇ ಅದನ್ನು ತಡೆಹಿಡಿಯಬೇಕಾಯಿತು. ಅಮೆರಿಕದ ಆಸ್ಪೈರ್ ಎಂಬ ಸಂಶೋಧನಾ ತಂಡ 2006ರಿಂದ ಬೇರೆಯದೇ ದಾರಿ ಹಿಡಿದಿದೆ. ಅಲ್ಲಿ ಆಟಿಸಂ ಇರುವವರು ಸಂಶೋಧಕರ ಸರಿಸಮಾನರಾಗಿ ಕುಳಿತು ಪ್ರಶ್ನೆಗಳನ್ನು ರೂಪಿಸುತ್ತಾರೆ.

ಇಲ್ಲಿಯೇ ಒಬ್ಬ ವಿದ್ಯಾರ್ಥಿನಿ ನನಗೆ ಪ್ರಶ್ನೆಗಳನ್ನು ಮುಂಚಿತವಾಗಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ, ಉತ್ತರವನ್ನು ಬರೆದೇ ಕೊಡಿ, ಅವಸರವಿಲ್ಲ ಎಂದಿದ್ದಳು. ಪ್ರಬಂಧ ಮುಗಿದ ಮೇಲೆ ತಾನು ಕಂಡುಕೊಂಡದ್ದನ್ನು ಕನ್ನಡದಲ್ಲಿ ಬರೆದು ಕಳುಹಿಸಿದಳು. ಕೊಟ್ಟ ಮಾಹಿತಿ ಹೀಗೆ ನನಗೇ ಮರಳಿ ಬಂದದ್ದು ನನ್ನ ಅನುಭವದಲ್ಲಿ ಅದೊಂದೇ ಸಲ. ಅವಳು ಮತ್ತೆ ಕರೆದರೆ ಖಂಡಿತ ಹೋಗುತ್ತೇನೆ. ಆಲೆಮನೆಯ ಗೆಳೆಯನನ್ನೂ ಒಪ್ಪಿಸುತ್ತೇನೆ.

ಕೆಲಸದ ಜಾಗದ ಗದ್ದಲ, ನಿದ್ದೆ, ಒಂಟಿತನ, ತಂದೆತಾಯಿ ಹೋದ ಮೇಲಿನ ಬದುಕು: ನಾವು ಉತ್ತರಿಸಲು ಕಾಯುತ್ತಿರುವ ವಿಷಯಗಳು ಇವು. ಇದನ್ನು ಓದುತ್ತಿರುವ ಸಂಶೋಧಕರಿದ್ದರೆ ನನಗೇ ಸಂದೇಶ ಕಳುಹಿಸಿ, ಕರೆ ಮಾಡಬೇಡಿ. ಪ್ರಶ್ನೆಗಳು ಸಂದೇಶದ ಜೊತೆಗೇ ಇರಲಿ.