ಆ ಒಂದು ಫೈಲ್ ಕೊಡಲು ಏನಡ್ಡಿ?

ನಮ್ಮ ವಿದ್ಯಾರ್ಥಿನಿಯೊಬ್ಬಳಿಗಾಗಿ ಪಠ್ಯಪುಸ್ತಕವೊಂದರ ಕಂಪ್ಯೂಟರ್ ಫೈಲ್ ಕೇಳಿದಾಗ, ಇವತ್ತು ಮಧ್ಯಾಹ್ನ ಪ್ರಕಾಶಕರೊಬ್ಬರು ಫೋನಿನಲ್ಲಿ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ. ‘ಮೇಡಂ, ಫೈಲ್ ಕೊಟ್ಟರೆ ಸಂಜೆಯೊಳಗೆ ಅದು ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಬೇಕಾದರೆ ಆ ಹುಡುಗಿಗೆ ಪುಸ್ತಕದ ಎರಡು ಪ್ರತಿಗಳನ್ನು ಉಚಿತವಾಗಿ ಕಳಿಸಿಕೊಡುತ್ತೇನೆ.’ ಕಣ್ಣು ಕಾಣದ ಹುಡುಗಿಗೆ ಅಚ್ಚಾದ ಪುಸ್ತಕದ ಎರಡು ಪ್ರತಿ! ಅವರು ಕೆಟ್ಟವರಲ್ಲ, ವಿಷಯ ಕೇಳಿ ನಿಜವಾಗಿಯೂ ಮರುಗಿದರು. ಆದರೂ ತಾವು ಕೊಡುತ್ತಿರುವುದು ಏನು, ನಾವು ಕೇಳುತ್ತಿರುವುದು ಏನು ಎಂಬುದು ಅವರಿಗೆ ಹೊಳೆಯಲೇ ಇಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ನಾನು ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು, ರಾತ್ರಿ ಅಡುಗೆಮನೆಯ ಕೆಲಸವಾದ ಮೇಲೆ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುತ್ತೇನೆಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಈ ವರ್ಷ ನಮ್ಮಲ್ಲಿ ಇಬ್ಬರಿದ್ದಾರೆ. ಒಬ್ಬಳು ಬಿ.ಎ. ಮೂರನೇ ಸೆಮಿಸ್ಟರಿನ ಹುಡುಗಿ, ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಇನ್ನೊಬ್ಬ ಬಿ.ಕಾಂ. ಓದುವ ಹುಡುಗ, ಅಕ್ಷರ ಓದುವುದನ್ನೇ ಕಷ್ಟವಾಗಿಸುವ ಡಿಸ್ಲೆಕ್ಸಿಯಾ ಇದೆ. ಇಬ್ಬರಿಗೂ ಬೇಕಾದದ್ದು ಒಂದೇ: ತರಗತಿಯ ಉಳಿದವರ ಕೈಗೆ ಪುಸ್ತಕ ಬರುವ ದಿನವೇ ತಮಗೂ ಅದು ಕೇಳಲು ಸಿಗಬೇಕು.

ಹುಡುಗಿಗೆ ಒಬ್ಬ ಅಧ್ಯಾಪಕರು ಪ್ರೀತಿಯಿಂದಲೇ ನೋಟ್ಸಿನ ಪಿಡಿಎಫ್ ಕಳಿಸಿದ್ದರು. ಅವಳು ಅದನ್ನು ಫೋನಿನಲ್ಲಿ ತೆರೆದು, ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶವನ್ನು ಚಾಲೂ ಮಾಡಿ, ಫೋನನ್ನು ನನ್ನ ಕಿವಿಯ ಹತ್ತಿರ ತಂದಳು. ಅದರಿಂದ ಬಂದದ್ದು ‘ಪಿ, ಪೌಂಡ್, ಕ್ಯೂ’ ಎಂಬಂಥ ಸದ್ದುಗಳ ಸರಮಾಲೆ. ಪರದೆಯ ಮೇಲೆ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಮಾತ್ರ ‘ಕನ್ನಡ’ ಎಂಬ ದುಂಡಾದ ಪದ. ‘ನುಡಿ’ ಮತ್ತು ‘ಬರಹ’ ಎಂಬ ಕನ್ನಡ ಬೆರಳಚ್ಚಿನ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಪುಟಗಳ ಹಣೆಬರಹವೇ ಇದು. ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುವ ಅಕ್ಷರಗಳು ಯಂತ್ರದ ಲೆಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು. ಯಂತ್ರವೂ ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ನಲ್ಲಿ ಬೆರಳಚ್ಚಿಸುವ ಸೌಲಭ್ಯ ಈ ತಂತ್ರಾಂಶಗಳಲ್ಲೇ ಬಂದು ಎಷ್ಟೋ ವರ್ಷಗಳಾದವು. ಆದರೂ ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ, ಪಠ್ಯ ಅಚ್ಚು ಹಾಕಿಸುವ ಕೋಣೆಗಳಲ್ಲಿ ಹಳೆಯ ಅಭ್ಯಾಸ ಬಿಟ್ಟುಹೋಗಿಲ್ಲ. ‘ಮೇಡಂ, ಎಲ್ಲ ಪುಸ್ತಕಗಳೂ ನನಗೆ ಹೀಗೇ ಕೇಳಿಸುತ್ತವೆ’ ಎಂದಳು. ದೂರುವ ಧ್ವನಿಯೂ ಅದರಲ್ಲಿರಲಿಲ್ಲ.

ಹಾಗಿದ್ದರೂ ಇದಕ್ಕೆ ಪರಿಹಾರ ಇದೆ. ಹಳೆಯ ಫಾಂಟಿನಲ್ಲಿರುವ ಮೂಲ ಫೈಲ್ ಸಿಕ್ಕರೆ ಸಾಕು, ಅದನ್ನು ಯೂನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳಿವೆ. ಕೆಲವೇ ನಿಮಿಷಗಳಲ್ಲಿ ಪಠ್ಯ ತಯಾರಾಗುತ್ತದೆ, ಒಂದೆರಡು ದಿನ ಕುಳಿತು ತಪ್ಪು ತಿದ್ದಿದರೆ ಫೋನೇ ಅದನ್ನು ಓದಿ ಹೇಳುತ್ತದೆ. ಆ ಫೈಲ್ ಪ್ರಕಾಶಕರ ಬಳಿ ಇದೆ, ಅಥವಾ ಅವರಿಗೆ ಡಿಟಿಪಿ ಮಾಡಿಕೊಟ್ಟವರ ಬಳಿ ಇದೆ. ಇರುವ ಫೈಲನ್ನು ಕೊಡದೆ ಅಚ್ಚಾದ ಪುಸ್ತಕವನ್ನು ಕೈಗಿತ್ತಾಗ ನಮ್ಮ ಪಾಡು ಏನಾಗುತ್ತದೆಂದು ಕೇಳಿ. 240 ಪುಟಗಳ ಪುಸ್ತಕ, ಪುಟಕ್ಕೆ ಮೂರು ನಿಮಿಷವೆಂದರೂ ಹನ್ನೆರಡು ಗಂಟೆಯ ಓದು. ತಪ್ಪಿದ ವಾಕ್ಯವನ್ನು ಮತ್ತೆ ಓದುವುದು, ಕೆಮ್ಮು ಬಂದಾಗ ನಿಲ್ಲಿಸುವುದು, ನಡುವೆ ಬೀದಿನಾಯಿ ಬೊಗಳಿದ ಭಾಗವನ್ನು ಕತ್ತರಿಸುವುದು ಎಲ್ಲ ಸೇರಿದರೆ ಅದು ದುಪ್ಪಟ್ಟಾಗುತ್ತದೆ. ದಿನಕ್ಕೊಂದು ಗಂಟೆಯಂತೆ ಒಂದು ಪುಸ್ತಕಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಸೆಮಿಸ್ಟರ್ ಇರುವುದೇ ನಾಲ್ಕು ತಿಂಗಳು, ಪತ್ರಿಕೆಗಳು ಐದಾರು. ಕೊನೆಯ ಪುಸ್ತಕ ಮುಗಿಯುವ ಹೊತ್ತಿಗೆ ಹಾಲ್ ಟಿಕೆಟ್ ಬಂದಿರುತ್ತದೆ.

ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಒಸಿಆರ್ ಹಾಕಬಹುದಲ್ಲ ಎನ್ನುವವರಿಗೆ: ಹಾಕುತ್ತೇವೆ. ಒಳ್ಳೆಯ ಕಾಗದ, ಸ್ಪಷ್ಟ ಅಚ್ಚು ಇದ್ದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಮ್ಮ ಪಠ್ಯಪುಸ್ತಕಗಳ ಹಿಂದಿನ ಪುಟದ ಮಸಿ ಮುಂದಿನ ಪುಟಕ್ಕೆ ಇಳಿಯುವ ಕಾಗದದಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡು, ಅರ್ಥಶಾಸ್ತ್ರದ ಕೋಷ್ಟಕದ ಮೊದಲ ಸಾಲಿನ ಅಂಕಿ ಮೂರನೇ ಸಾಲಿಗೆ ಹೋಗಿ ಕೂರುತ್ತದೆ. ಅದನ್ನು ತಿದ್ದಲು ಕಣ್ಣಿರುವ ಒಬ್ಬರು ಮೂಲ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ ನೋಡಲೇಬೇಕು.

ಇಷ್ಟಾಗಿ ನಾವು ಕೇಳುತ್ತಿರುವುದು ಕಾನೂನಿಗೆ ವಿರುದ್ಧವಾದದ್ದೇನಲ್ಲ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು, ಅಂಗವಿಕಲರು ಬಳಸಬಲ್ಲ ರೂಪಕ್ಕೆ ಯಾವುದೇ ಪುಸ್ತಕವನ್ನು ಲಾಭದ ಉದ್ದೇಶವಿಲ್ಲದೆ ಬದಲಾಯಿಸಿಕೊಡಲು ಯಾರ ಅನುಮತಿಯೂ ಬೇಡವೆಂದು 52ನೇ ಕಲಮಿನಲ್ಲೇ ಸೇರಿಸಲಾಗಿದೆ. ಈ ವಿಷಯದಲ್ಲಿ ಜಗತ್ತಿನ ದೇಶಗಳು 2013ರಲ್ಲಿ ಮರಾಕೆಷ್‌ನಲ್ಲಿ ಮಾಡಿಕೊಂಡ ಒಪ್ಪಂದವನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಸ್ಥಿರೀಕರಿಸಿದ ದೇಶ ನಮ್ಮದು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಕಾನೂನು ನನಗೆ ಓದಿ ಹೇಳುವ ಸ್ವಾತಂತ್ರ್ಯ ಕೊಟ್ಟಿತೇ ಹೊರತು, ಪ್ರಕಾಶಕರಿಗೆ ಫೈಲ್ ಕೊಡುವ ಹೊಣೆ ಹೊರಿಸಲಿಲ್ಲ. ಎಲ್ಲವೂ ಅಲ್ಲಿಗೆ ಬಂದು ನಿಲ್ಲುತ್ತದೆ. ಅಚ್ಚನ್ನು ಓದಲಾಗದವರಿಗೆಂದು 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ ಸುಗಮ್ಯ ಪುಸ್ತಕಾಲಯ ಇದೆ, ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳ ಧ್ವನಿಪುಸ್ತಕ ಭಂಡಾರಗಳಿವೆ. ಅವರ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಕಳೆದ ತಿಂಗಳು ಅಚ್ಚಾದ, ನಮ್ಮ ವಿಶ್ವವಿದ್ಯಾಲಯದ ಪಠ್ಯಕ್ರಮಕ್ಕೆಂದೇ ಬರೆಸಿದ ಪುಸ್ತಕ ಅಲ್ಲಿಗೆ ಹೋಗಬೇಕಾದರೂ ಯಾರಾದರೂ ಮೊದಲು ಅದನ್ನು ಸಿದ್ಧಪಡಿಸಬೇಕು. ಆ ಯಾರಾದರೂ ಮತ್ತೆ ಅದೇ ಫೈಲಿಗಾಗಿ ಕೈಚಾಚಬೇಕು.

ಅದರ ಮೇಲೆ ಪಠ್ಯಕ್ರಮದ ಬದಲಾವಣೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಎಂದು ಪದವಿಯ ಪಠ್ಯಗಳೆಲ್ಲ ಬದಲಾದವು, 2024-25ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿ ಎಂದು ಇನ್ನೊಮ್ಮೆ ಬದಲಾದವು. ಯಾವುದು ಸರಿ, ಯಾವುದು ತಪ್ಪು ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ನಾವು ರೆಕಾರ್ಡ್ ಮಾಡಿಟ್ಟಿದ್ದ ಒಂಬತ್ತು ಪುಸ್ತಕಗಳಲ್ಲಿ ಈಗ ಬಳಕೆಗೆ ಬರುತ್ತಿರುವುದು ಎರಡು ಮಾತ್ರ.

ಪ್ರಕಾಶಕರ ಭಯಕ್ಕೆ ಬರುತ್ತೇನೆ. ಅವರ ಬಂಡವಾಳ ದೊಡ್ಡದಲ್ಲ, ಕಳ್ಳಪ್ರತಿಯಿಂದ ಅವರಿಗೆ ಪೆಟ್ಟು ಬೀಳುವುದೂ ನಿಜ. ಆದರೆ ನಮ್ಮ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅದೇ ಪುಸ್ತಕ ಸ್ಪೈರಲ್ ಬೈಂಡಿಂಗ್ ಹಾಕಿಸಿಕೊಂಡು ಅರ್ಧ ಬೆಲೆಗೆ ಸಿಗುತ್ತದೆ. ಅದನ್ನು ಮಾಡಿದವರು ಯಾರ ಫೈಲಿಗಾಗಿಯೂ ಕಾಯಲಿಲ್ಲ. ಕದಿಯುವವರಿಗೆ ಎಂದೂ ಮುಚ್ಚದ ಬಾಗಿಲನ್ನು, ಹೆಸರು, ನೋಂದಣಿ ಸಂಖ್ಯೆ, ಅಂಗವೈಕಲ್ಯದ ಪ್ರಮಾಣಪತ್ರ ಎಲ್ಲವನ್ನೂ ಮುಂದಿಟ್ಟು, ಬೇರೆಯವರಿಗೆ ಕೊಡುವುದಿಲ್ಲವೆಂದು ಬರೆದುಕೊಟ್ಟು ಕೇಳುವ ಒಬ್ಬ ಹುಡುಗಿಯ ಮುಖಕ್ಕೆ ಮುಚ್ಚುವುದು ಯಾವ ನ್ಯಾಯ? ಈ ವಾದವನ್ನು ನಾನು ಒಪ್ಪಲಾರೆ.

ಆ ಬಿ.ಕಾಂ. ಹುಡುಗನದು ಇನ್ನೂ ಕಷ್ಟ, ಏಕೆಂದರೆ ಅವನ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಓದುವಾಗ ಸಾಲು ತಪ್ಪುತ್ತದೆ, ಒಂದು ಪುಟ ಮುಗಿಸಲು ಅರ್ಧ ಗಂಟೆ ಬೇಕು. ಅದೇ ಪುಟವನ್ನು ಬೆರಳಿಟ್ಟು ನೋಡುತ್ತ ಕಿವಿಯಲ್ಲಿ ಕೇಳಿದರೆ ಪಾಠವನ್ನು ಅಚ್ಚುಕಟ್ಟಾಗಿ ವಿವರಿಸುತ್ತಾನೆ. ಕಚೇರಿಯಲ್ಲಿ ಅವನಿಗೆ ಸಿಕ್ಕ ಉತ್ತರ: ‘ನಿನಗೆ ಕಣ್ಣು ಕಾಣುತ್ತದಲ್ಲಪ್ಪ, ಆಡಿಯೋ ಯಾಕೆ?’ ಕಲಿಕೆಯ ಇಂಥ ನ್ಯೂನತೆಯನ್ನೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತನ್ನ 21 ಬಗೆಗಳಲ್ಲಿ ಹೆಸರಿಸಿದೆ. ಆದರೆ ಅದೇ ಕಾಯ್ದೆಯಲ್ಲಿ ಪುಸ್ತಕ ಮತ್ತು ಕಲಿಕಾ ಸಾಮಗ್ರಿಯನ್ನು ಉಚಿತವಾಗಿ ಒದಗಿಸಬೇಕೆಂಬ ಮಾತು ಹದಿನೆಂಟು ವರ್ಷದವರೆಗೆ ಎಂಬಲ್ಲಿಗೆ ನಿಲ್ಲುತ್ತದೆ. ಹದಿನೆಂಟಕ್ಕೇ ಕಾಲೇಜು ಶುರುವಾಗುವುದು! ಪರೀಕ್ಷೆಯಲ್ಲಿ ಬರೆದುಕೊಡಲು ಸ್ಕ್ರೈಬ್ ಕೊಡುತ್ತಾರೆ, ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚುವರಿ ಸಮಯ ಕೊಡುತ್ತಾರೆ. ಓದಲು ಪುಸ್ತಕವೇ ಸಿಗದಿದ್ದವರು ಆ ಇಪ್ಪತ್ತು ನಿಮಿಷದಲ್ಲಿ ಏನನ್ನು ಬರೆಸಬೇಕು?

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ಒಂದು ಪುಸ್ತಕ ಓದುವಾಗ ದಣಿದು, ಎರಡು ಅಧ್ಯಾಯಗಳ ಕೋಷ್ಟಕಗಳನ್ನೂ ಒಂದು ನಕಾಶೆಯ ವಿವರವನ್ನೂ ಬಿಟ್ಟುಬಿಟ್ಟೆ; ಬಿಟ್ಟಿದ್ದೇನೆಂದು ಹೇಳಲೂ ಇಲ್ಲ. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಅಲ್ಲಿಂದಲೇ ಬಂತು. ಆಗ ನನ್ನ ರೆಕಾರ್ಡಿಂಗ್ ಕೇಳಿ ಓದಿದ್ದ ಹುಡುಗ ಹೊರಗೆ ಬಂದು, ‘ಮೇಡಂ, ಅದು ನಮ್ಮ ಪುಸ್ತಕದಲ್ಲಿ ಇರಲಿಲ್ಲ’ ಎಂದ. ಅವನಿಗೆ ಪುಸ್ತಕವೆಂದರೆ ನನ್ನ ಧ್ವನಿ ಮಾತ್ರ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂಲ ಫೈಲ್ ಇದ್ದಿದ್ದರೆ ನನ್ನ ದಣಿವಿಗೆ ಅವನು ಅಂಕ ತೆರಬೇಕಾಗಿರಲಿಲ್ಲ. ಅಂದಿನಿಂದ ಪ್ರತಿ ಪುಟದ ಸಂಖ್ಯೆಯನ್ನೂ ಹೇಳಿಯೇ ಓದುತ್ತೇನೆ. ತರಗತಿಯಲ್ಲಿ ‘84ನೇ ಪುಟ ತೆಗೆಯಿರಿ’ ಎಂದಾಗ ಮೂರು ಗಂಟೆಯ ಒಂದೇ ಎಂಪಿ3ಯಲ್ಲಿ ಅದನ್ನು ಹುಡುಕುತ್ತ ಕೂರುವ ಸ್ಥಿತಿ ಅವರಿಗೆ ಬರಬಾರದು. ಡೈಸಿ ಎಂಬ ಮಾದರಿಯ ಧ್ವನಿಪುಸ್ತಕವಾದರೆ ಅಧ್ಯಾಯಕ್ಕೆ, ಪುಟಕ್ಕೆ ನೇರವಾಗಿ ಹೋಗಬಹುದು. ನಾವೂ ನಿಧಾನವಾಗಿ ಅದನ್ನು ಕಲಿಯುತ್ತಿದ್ದೇವೆ.

ಅಧ್ಯಯನ ಮಂಡಳಿಗಳಲ್ಲಿ ಕೂರುವ ಗೆಳೆಯರೇ, ಈ ಬರಹ ನಿಮಗಾಗಿ. ಒಂದು ಪುಸ್ತಕವನ್ನು ಪಠ್ಯವೆಂದು ಸೂಚಿಸುವ ದಿನವೇ ಅದರ ಮೂಲ ಫೈಲನ್ನು ಪ್ರಕಾಶಕರಿಂದ ಪಡೆದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿಡಿ. ಬೇಕಾದ ವಿದ್ಯಾರ್ಥಿಗೆ ಸಹಿ ಹಾಕಿಸಿಕೊಂಡು ಕೊಡಿ. ಇದಕ್ಕೆ ಹೊಸ ಕಾಯ್ದೆ ಬೇಡ, ಅನುದಾನವೂ ಬೇಡ. ಸೂಚನಾ ಪತ್ರದಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಸಾವಿರಾರು ಪ್ರತಿಗಳ ಮಾರಾಟ ನಿಂತಿರುವುದೇ ನಿಮ್ಮ ಆ ಪತ್ರದ ಮೇಲೆ, ಹಾಗಾಗಿ ನೀವು ಕೇಳಿದರೆ ಯಾವ ಪ್ರಕಾಶಕರೂ ಇಲ್ಲ ಎನ್ನುವುದಿಲ್ಲ.

ಅಲ್ಲಿಯವರೆಗೆ ಓದುವವರು ಬೇಕು. ಮೂರನೇ ಸೆಮಿಸ್ಟರಿನ ಅರ್ಥಶಾಸ್ತ್ರದ ಪುಸ್ತಕದಲ್ಲಿ ಇನ್ನೂ ಮೂರು ಘಟಕಗಳು ಬಾಕಿ ಇವೆ, ಪರೀಕ್ಷೆಗೆ ಉಳಿದಿರುವುದು ಐದು ವಾರ. ದಿನಕ್ಕೆ ಒಂದು ಗಂಟೆ ಸದ್ದಿಲ್ಲದ ಕೋಣೆಯಲ್ಲಿ ಕೂರಬಲ್ಲವರು ನನಗೆ ಸಂದೇಶ ಕಳಿಸಿ. ಕೋಷ್ಟಕಗಳನ್ನು ಹೇಗೆ ಓದಬೇಕೆಂದು ನಾನು ಹೇಳಿಕೊಡುತ್ತೇನೆ.