ಬೀಗ ಹಾಕಿದ ಮೇಲೂ

ಸೈಕಲ್ ಏರಿ ನಮ್ಮ ಕರಾವಳಿ ಸುತ್ತಲು ಹೊರಟವರಿಗೆ ಸಮುದ್ರ ನೋಡುವುದಕ್ಕಿಂತ ಸೈಕಲ್ ನೋಡಿಕೊಳ್ಳುವ ಕೆಲಸವೇ ಜಾಸ್ತಿ. ಗೋಕರ್ಣದ ಓಂ ಬೀಚಿಗೆ ಮೆಟ್ಟಿಲಿಳಿದು ಹೋಗಬೇಕು. ಸೈಕಲ್ ಮೇಲೆಯೇ ಉಳಿಯುತ್ತದೆ, ಮನಸ್ಸೂ ಅದರ ಜೊತೆಗೇ. ಮಹಾಬಲೇಶ್ವರನ ಎದುರು ಕೈಮುಗಿದರೂ ಅದೇ ಪಾಡು. ಉಳಿದವರಿಗೆ ಹೊರಗೆ ಬಿಟ್ಟ ಚಪ್ಪಲಿಯ ಚಿಂತೆ, ನಮಗೆ ಚಕ್ರದ್ದು.

ಹಳೆಯ ಅಟ್ಲಾಸ್ ಸೈಕಲ್ಲಿಗೆ ಹಿಂದಿನ ಚಕ್ರದಲ್ಲೇ ಬೀಗ ಇರುತ್ತಿತ್ತು. ಟಕ್ ಅಂದರೆ ಆಯ್ತು. ಕದಿಯುವವನು ಹೊತ್ತುಕೊಂಡೇ ಹೋಗಬೇಕಿತ್ತು. ಅಷ್ಟು ಭಾರ ಹೊರಬಲ್ಲವನು ಬಂದರಿನಲ್ಲಿ ಹಮಾಲಿ ಮಾಡಿಯೇ ಚೆನ್ನಾಗಿ ಬದುಕುತ್ತಿದ್ದ. ಈಗಿನವು ಹಗುರ. ಕೆಲವದರ ಮುಂದಿನ ಚಕ್ರ ಪಾನಾ ಇಲ್ಲದೆಯೇ ಬಿಚ್ಚಿ ಬರುತ್ತದೆ. ತೆಳು ವೈರಿನ ಬೀಗಕ್ಕೆ ಒಳ್ಳೆಯ ಕಟ್ಟರ್ ಇದ್ದರೆ ಕೆಲವೇ ಸೆಕೆಂಡು ಸಾಕು. ಫ್ರೇಮು, ಹಿಂದಿನ ಚಕ್ರ, ಗಟ್ಟಿ ಕಂಬ ಮೂರನ್ನೂ ಸೇರಿಸಿ ಯು-ಲಾಕ್, ಅಂದರೆ ಇಂಗ್ಲಿಷಿನ U ಆಕಾರದ ಗಟ್ಟಿ ಸರಳಿನ ಬೀಗ, ಹಾಕಿ ಅನ್ನುತ್ತಾರೆ ತಿಳಿದವರು. ಸರಿ, ಆದರೆ ನಮ್ಮಲ್ಲಿ ಸಿಗುವ ಕಂಬ ತೆಂಗಿನಮರ. ಯು-ಲಾಕ್ ಮಾಡಿದವರ ಲೆಕ್ಕದಲ್ಲಿ ತೆಂಗಿನಮರ ಇದ್ದಂತಿಲ್ಲ. ಅವರ ಬೀಗವೂ ಅಷ್ಟಕ್ಕಷ್ಟೆ. 2004ರಲ್ಲಿ ಅಮೆರಿಕದ ಕ್ರಿಪ್ಟೊನೈಟ್ ಕಂಪನಿಯ ಯು-ಲಾಕುಗಳು ಬಾಲ್‌ಪೆನ್ನಿನ ಕೊಳವೆಗೇ ತೆರೆದುಕೊಂಡವು. ಕಂಪನಿ ಬೀಗ ಬದಲಿಸಿಕೊಡಬೇಕಾಯಿತು.

ಇಷ್ಟಾದರೂ ಬೀಗ ಕಾಯುವುದು ಸೈಕಲ್ಲನ್ನು ಮಾತ್ರ. ಪಂಪು, ಲೈಟು, ಪಕ್ಕದ ಚೀಲಗಳು ದೇವರ ಪಾಲು. ಚೀಲದಲ್ಲಿ ಬಾಳೆಹಣ್ಣಿದ್ದರೆ ಮಂಗನ ಪಾಲು. ದುಡ್ಡು, ಫೋನು ಹೆಗಲಿಗೇ ಇರಲಿ. ಪೆಡಲಿನ ಅಚ್ಚಿನ ಕೆಳಗೆ ಕೊರೆದ ಫ್ರೇಮ್ ನಂಬರಿನ ಫೋಟೋ ಮನೆಯಲ್ಲೇ ತೆಗೆದಿಟ್ಟುಕೊಳ್ಳಿ. ಪೊಲೀಸರ ಮುಂದೆ 'ಕೆಂಪು ಬಣ್ಣದ್ದು ಸಾರ್' ಅಂದರೆ ಸಾಲದು.

ನನಗೆ ನಂಬಿಕೆ ಇರುವುದು ಗೂಡಂಗಡಿಯ ಮುಂದಿನ ಬೆಂಚಿನ ಮೇಲೆ. ಅಲ್ಲಿ ಯಾರಾದರೊಬ್ಬರು ಸುಮ್ನೆ ಕೂತಿರುತ್ತಾರೆ. ಒಂದು ಚಾ ಕುಡಿದು, "ಸ್ವಲ್ಪ ನೋಡ್ಕೊಳ್ಳಿ ಅಣ್ಣಾ" ಅಂದರೆ ಕೆಲಸ ಆಯಿತು. ಆದರೆ ಪುಕ್ಕಟೆ ಅಲ್ಲ. "ಎಲ್ಲಿಂದ ಬಂದದ್ದು? ಎಷ್ಟು ಬಿತ್ತು ಇದಕ್ಕೆ?" ಎಂಬ ತನಿಖೆ ಮುಗಿಯಬೇಕು. ನಿಜವಾದ ರೇಟು ಹೇಳಿದರೆ ಕೇಳಿದವರು ಅದಕ್ಕೆ ಬೈಕೇ ಬರುತ್ತಿತ್ತಲ್ಲ ಎಂದು ಮರುಗುತ್ತಾರೆ, ಕೇಳಬಾರದವರಿಗೂ ಕೇಳಿಸುತ್ತದೆ. ತೀರಾ ಕಡಿಮೆ ಹೇಳುವುದೂ ಜಾಣತನವಲ್ಲ. ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಮಾಲು, ಮೊದಲ ಸಲದ ಕಳ್ಳ, ಮಾಲು ವಾಪಸ್ ಕೊಟ್ಟಿದ್ದಾನೆ ಅಂದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯಷ್ಟೇ ಶಿಕ್ಷೆ. ಅದಕ್ಕೇ ನಾನು "ಭಾವ ಕೊಟ್ಟದ್ದು" ಅಂದುಬಿಡುತ್ತೇನೆ. ಭಾವನ ಮೇಲೆ ಗೌರವ ಹೆಚ್ಚುತ್ತದೆ, ರೇಟು ಗುಟ್ಟಾಗಿಯೇ ಉಳಿಯುತ್ತದೆ.

ಪೂರ್ತಿ ನಿಶ್ಚಿಂತೆ ಇರುವುದು ತದಡಿಯಿಂದ ಅಘನಾಶಿನಿಗೆ ದಾಟುವ ದೋಣಿಯಲ್ಲಿ. ನಡುನೀರಿನಲ್ಲಿ ಕದ್ದವನು ಓಡುವುದೆಲ್ಲಿಗೆ? ಅದು ಬಿಟ್ಟರೆ ಕುಮಟೆಯಿಂದ ಶಿರಸಿಗೆ ಹತ್ತುವ ದೇವಿಮನೆ ಘಟ್ಟದಲ್ಲಿ. ಅಲ್ಲಿ ಯಾವನಾದರೂ ಕಳ್ಳ ಬಂದು ಚೀಲಕ್ಕೆ ಕೈಹಾಕಿದರೆ, ಘಟ್ಟ ಹತ್ತಿಸುವವರೆಗಾದರೂ ಇಟ್ಟುಕೋ ಮಾರಾಯಾ ಅನ್ನಬೇಕು ಅನಿಸುತ್ತದೆ.